ಲಿಲ್ಲಿ ಎಲೆ ಉದುರಿದರೆ ಮೊದಲು ಕುಂಡ ಬಗ್ಗಿಸಿ ನೋಡಿ

ಮಳೆ ಹಿಡಿಯಿತೆಂದರೆ ಸಾಕು, ನನ್ನ ವಾಟ್ಸಾಪ್ ತುಂಬ ಹಳದಿ ಎಲೆಗಳ ಫೋಟೋ. ಮಾಟುಂಗಾ, ಡೊಂಬಿವಲಿ, ಇಲ್ಲೇ ಪುಣೆಯ ಕೋಥ್ರೂಡ್, ಹಡಪ್ಸರ್, ಎಲ್ಲ ಕಡೆಯ ಕನ್ನಡದವರದ್ದೂ ಒಂದೇ ಪ್ರಶ್ನೆ: "ಲಿಲ್ಲಿ ಎಲೆ ಉದುರ್ತಿದೆ, ಯಾವ ಔಷಧಿ ಹೊಡೀಲಿ ಸರ್?" ನಾನು ತಿರುಗಿ ಕೇಳುತ್ತೇನೆ. ಯಾವ ಲಿಲ್ಲಿ? ಹಳದಿ ಶುರುವಾದದ್ದು ಕೆಳಗಿನ ಎಲೆಯಿಂದಲೋ, ಮೇಲಿನಿಂದಲೋ? ಕುಂಡದ ತಟ್ಟೆಯಲ್ಲಿ ನೀರು ನಿಂತಿದೆಯಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಎಷ್ಟೋ ಸಲ ಔಷಧಿಯ ಮಾತೇ ಬರುವುದಿಲ್ಲ.

ನರ್ಸರಿಯವರು ಲಿಲ್ಲಿ ಅಂತ ಕೊಡುವುದೆಲ್ಲ ಒಂದೇ ಜಾತಿಯ ಗಿಡ ಅಲ್ಲ. ಮೇ ತಿಂಗಳಲ್ಲಿ ಕೆಂಪು ದುಂಡು ಹೂ ಬಿಡುವ ಫುಟ್‌ಬಾಲ್ ಲಿಲ್ಲಿ ಚಳಿಗಾಲದಲ್ಲಿ ಎಲೆ ಕಳೆದುಕೊಂಡು ಮಲಗುತ್ತದೆ. ಅದು ರೋಗ ಅಲ್ಲ. ನೀರು ನಿಲ್ಲಿಸಿ, ಕುಂಡ ಮೂಲೆಗಿಟ್ಟು ಸುಮ್ನೆ ಇದ್ದುಬಿಡಿ. ಏಷ್ಯಾಟಿಕ್, ಓರಿಯೆಂಟಲ್ ಲಿಲ್ಲಿಗಳೂ ಹೂ ಮುಗಿದ ಕೆಲವು ವಾರಕ್ಕೆ ಕೆಳಗಿನಿಂದ ಹಳದಿಯಾಗುತ್ತ ಬರುತ್ತವೆ. ಚೆಂದ ಕಾಣಲ್ಲ ಅಂತ ಆಗ ಕಾಂಡ ಕತ್ತರಿಸಬೇಡಿ. ಹಸಿರು ಉಳಿದಿರುವಷ್ಟು ದಿನ ಆ ಎಲೆ ಗೆಡ್ಡೆಗೆ ಆಹಾರ ಕೂಡಿಡುತ್ತಿರುತ್ತದೆ. ಪೀಸ್ ಲಿಲ್ಲಿ ಕೆಸುವಿನ ಬಳಗದ್ದು, ಅದರ ಕತೆ ಬೇರೆ, ಇಲ್ಲಿ ಬೇಡ.

ಹೂ ಬಿಡುವ ಮೊದಲೇ ಕೆಳಗಿನ ಎಲೆ ಹಳದಿಯಾಗಿ, ಮುಟ್ಟಿದರೆ ಉದುರುತ್ತಿದ್ದರೆ ಮಾತ್ರ ಅನುಮಾನ ಬೇರಿನ ಮೇಲೆ. ಮಣ್ಣು ಒದ್ದೆ ಇದೆ, ಆದರೂ ಗಿಡ ಬಾಡಿದೆ. ಇದನ್ನು ನೋಡಿ ಮನೆಯವರು ಇನ್ನೊಂದು ಚೊಂಬು ನೀರು ಹಾಕುತ್ತಾರೆ, ಅಲ್ವಾ? ಕೊಳೆತ ಬೇರು ನೀರು ಎಳೆಯಲಾರದು, ಅದಕ್ಕೇ ಗಿಡ ಬಾಡಿರುವುದು. ಮುಂಬೈಯ ಜುಲೈ ಗಾಳಿಯಲ್ಲಿ ಕುಂಡ ಬೇಗ ಒಣಗುವುದೂ ಇಲ್ಲ. ಬರೀ ಕೆಂಪು ಮಣ್ಣು ತುಂಬಿಸಿದ್ದರೆ ಅದು ಗಟ್ಟಿಯಾಗಿ ತಳದ ತೂತನ್ನೇ ಮುಚ್ಚಿಬಿಡುತ್ತದೆ.

ಕುಂಡವನ್ನು ಬಗ್ಗಿಸಿ ಗಿಡವನ್ನು ಮಣ್ಣಿನ ಸಮೇತ ಹೊರಗೆ ಜಾರಿಸಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಚಿಂತೆ ಇಲ್ಲ. ಕಂದಾಗಿ, ಎಳೆದರೆ ಸಿಪ್ಪೆ ಕೈಗೆ ಬಂದರೆ ಕೊಳೆ ಹಿಡಿದಿದೆ. ಗೆಡ್ಡೆಯನ್ನು ಒತ್ತಿ ನೋಡಿ, ಮೂಸಿಯೂ ನೋಡಿ. ಮೆತ್ತಗಾದ ಎಸಳುಗಳನ್ನೆಲ್ಲ ಕಿತ್ತುಹಾಕಿ. ಬುಡದ ತಟ್ಟೆಯಂಥ ಭಾಗವೇ ಕಂದಾಗಿ ಕೊಳೆತಿದ್ದರೆ ಗಿಡ ಬಿಟ್ಟುಬಿಡಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಉಳಿಯುವ ಹಾಗಿದ್ದರೆ ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ (ಬೂಷ್ಟುನಾಶಕ) ಕಲಸಿ ಅರ್ಧ ಗಂಟೆ ಅದ್ದಿ. ಕೈಗೆ ಗ್ಲೌಸ್ ಇರಲಿ, ಅಡುಗೆಮನೆಯ ಪಾತ್ರೆ ಬೇಡ. ನೆರಳಲ್ಲಿ ನೀರು ಆರುವವರೆಗೆ ಇಟ್ಟರೆ ಸಾಕು. ಏಷ್ಯಾಟಿಕ್, ಓರಿಯೆಂಟಲ್ ಗೆಡ್ಡೆಗೆ ಈರುಳ್ಳಿಯ ಹಾಗೆ ಹೊರಸಿಪ್ಪೆ ಇಲ್ಲ, ದಿನಗಟ್ಟಲೆ ಒಣಗಿಸಿದರೆ ಸೊರಗುತ್ತದೆ.

ಮತ್ತೆ ನೆಡುವಾಗ ಕೆಂಪು ಮಣ್ಣು, ಕೊಕೊಪಿಟ್ (ತೆಂಗಿನ ಸಿಪ್ಪೆಯ ಪುಡಿ), ದಪ್ಪ ಮರಳು ಸಮ ಸಮ ಇರಲಿ. ಏಷ್ಯಾಟಿಕ್, ಓರಿಯೆಂಟಲ್ ಆದರೆ ಗೆಡ್ಡೆಯ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣು ಬೇಕು. ಈ ಗಿಡಗಳಿಗೆ ಗೆಡ್ಡೆಯ ಮೇಲಿನ ಕಾಂಡದಲ್ಲೂ ಬೇರು ಬರುತ್ತದೆ. ಮೇಲ್ಮಟ್ಟದಲ್ಲಿ ನೆಟ್ಟರೆ ಆ ಬೇರಿಗೆ ಜಾಗವೇ ಇರುವುದಿಲ್ಲ.

ಮೇಲಿನ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ಇಲ್ಲವೇ ಟ್ಯಾಂಕರ್‌ನ ಗಡಸು ನೀರು ಹಾಕುವ ಸೊಸೈಟಿಗಳಲ್ಲಿ ಇದು ಜಾಸ್ತಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಗಿಡಕ್ಕೆ ಸುಲಭವಾಗಿ ದಕ್ಕುವ ಚಿಲೇಟೆಡ್ ಕಬ್ಬಿಣ ಸಿಂಪಡಿಸಿ, ಮಳೆನೀರು ಹಿಡಿದು ಹಾಕಿ. ಎಲೆ ತುದಿ ಸುಟ್ಟಂತಾದರೆ ಸೂಪರ್ ಫಾಸ್ಫೇಟ್ ಹಾಕಿದ್ದೀರಾ ಅಂತ ನೆನಪಿಸಿಕೊಳ್ಳಿ. ಅದರೊಳಗಿನ ಫ್ಲೋರೈಡ್ ಲಿಲ್ಲಿಗೆ ಆಗಿಬರುವುದಿಲ್ಲ. ಎಲೆ ಮೇಲೆ ಕಂದು ಅಂಡಾಕಾರದ ಚುಕ್ಕೆ ಬಿದ್ದಿದ್ದರೆ ಅದು ಬೊಟ್ರೈಟಿಸ್ ಬೂಷ್ಟು. ಆ ಎಲೆ ತೆಗೆದು, ಕುಂಡಗಳನ್ನು ದೂರ ದೂರ ಇಟ್ಟು, ಬೆಳಿಗ್ಗೆ ಬುಡಕ್ಕಷ್ಟೇ ನೀರು ಹಾಕಿ.

ರಾತ್ರೋರಾತ್ರಿ ಎಲೆಯೇ ಮಾಯವಾದರೆ ಅದು ಲಿಲ್ಲಿ ಪತಂಗದ ಮರಿಹುಳು. ಕಪ್ಪು ಮೈ, ಬಿಳಿ ಕೆಂಪು ಚುಕ್ಕೆ. ಮಳೆಗಾಲದಲ್ಲಿ ಸ್ಪೈಡರ್ ಲಿಲ್ಲಿಯನ್ನು ಬುಡದವರೆಗೆ ಮೇಯುತ್ತದೆ. ಚಿಮಟಿಯಿಂದ ಹೆಕ್ಕಿ ಸಾಬೂನು ನೀರಿಗೆ ಹಾಕುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಜಾಸ್ತಿ ಇದ್ದರೆ ಬಿಟಿ ಪುಡಿ (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ್ದು), ಅದೂ ಸಂಜೆ ಹೊತ್ತು. ಗೆಡ್ಡೆ ಗಟ್ಟಿಯಾಗಿದ್ದರೆ ಎಲೆ ಮತ್ತೆ ಬರುತ್ತದೆ.

"ಎಲೆ ಉದುರಿದ ಏಷ್ಯಾಟಿಕ್ ಮುಂದಿನ ವರ್ಷ ಹೂ ಬಿಡುತ್ತಾ?" ಮುಂಬೈ, ಗೋವಾದಲ್ಲಿ ತಾನಾಗಿ ಬಿಡುವುದು ಕಷ್ಟ. ಅದಕ್ಕೆ ಚಳಿ ಬೇಕು, ಪುಣೆಯ ಜನವರಿಯೂ ಸಾಲದು. ಗೆಡ್ಡೆಯನ್ನು ಸ್ವಲ್ಪವೇ ಒದ್ದೆಯ ಕೊಕೊಪಿಟ್‌ನಲ್ಲಿಟ್ಟು, ತೂತು ಮಾಡಿದ ಕವರಿಗೆ ಹಾಕಿ, ಫ್ರಿಜ್‌ನಲ್ಲಿ 6ರಿಂದ 8 ವಾರ ಇಡಬಹುದು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಅವು ಬಿಡುವ ಎಥಿಲೀನ್ ಮೊಗ್ಗನ್ನು ಹಾಳು ಮಾಡುತ್ತದೆ. ನನ್ನನ್ನು ಕೇಳಿದರೆ, ಅಷ್ಟು ಪಾಡು ಪಡುವುದಕ್ಕಿಂತ ರೇನ್ ಲಿಲ್ಲಿ ಬೆಳೆಸಿ.

ಮನೆಯಲ್ಲಿ ಬೆಕ್ಕಿದ್ದರೆ ಏಷ್ಯಾಟಿಕ್, ಓರಿಯೆಂಟಲ್ ಎರಡನ್ನೂ ತರಲೇಬೇಡಿ. ಉದುರಿದ ಎಲೆ, ಹೂವಿನ ಪುಡಿ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಕಿಡ್ನಿ ಕೆಡುತ್ತದೆ. ತಿಂದಿದೆ ಅಂತ ಅನುಮಾನ ಬಂದರೆ ವಾಂತಿ ಆಗಲಿ ಅಂತ ಕಾಯದೆ ಆಗಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.