ಡೊಮೇನ್ ಹೆಸರು: ಜಾಲತಾಣ ಯಾರದೆಂದು ತಿಳಿಸುವ ವಿಳಾಸ

ಅಂತರಜಾಲಕ್ಕೆ ಸೇರಿದ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸವೆಂಬ ಅಂಕಿಗಳಿಂದ. ಆ ಅಂಕಿಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದ್ದರಿಂದ ಅವುಗಳ ಬದಲಿಗೆ ಬಳಸುವ ಹೆಸರೇ ಡೊಮೇನ್ ಹೆಸರು. ಹೆಸರನ್ನು ಅಂಕಿಗೆ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ಅಮೆರಿಕದ ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಸಾಮಾನ್ಯ ಬಳಕೆದಾರರಿಗೆ ಈ ತಾಂತ್ರಿಕ ಹಿನ್ನೆಲೆಗಿಂತ ಮುಖ್ಯವಾದುದು ಇನ್ನೊಂದಿದೆ: ತೆರೆದಿರುವ ಪುಟ ಯಾರಿಗೆ ಸೇರಿದ್ದು ಎಂಬುದಕ್ಕೆ ಪರದೆಯ ಮೇಲೆ ಕಾಣುವ ಅತ್ಯಂತ ನಂಬಲರ್ಹ ಸುಳಿವು ಈ ಹೆಸರೇ.

ಪಹಣಿ ಬೇಕಾದಾಗ ಅಥವಾ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಾದಾಗ ನಮ್ಮಲ್ಲಿ ಹೆಚ್ಚಿನವರು ಗೂಗಲ್‌ನಲ್ಲಿ ಹುಡುಕಿ ಎಲ್ಲಕ್ಕಿಂತ ಮೇಲೆ ಕಂಡ ಕೊಂಡಿಯನ್ನು ಒತ್ತುತ್ತಾರೆ. ಮೇಲಿರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು. ಅಲ್ಲದಿದ್ದರೂ ಶೋಧಯಂತ್ರ ನೋಡುವುದು ಪುಟ ನಮ್ಮ ಪ್ರಶ್ನೆಗೆ ಎಷ್ಟು ಹೊಂದುತ್ತದೆ ಎಂಬುದನ್ನೇ ಹೊರತು, ಆ ಸೇವೆ ಕೊಡುವ ಅಧಿಕಾರ ಅದಕ್ಕಿದೆಯೇ ಎಂಬುದನ್ನಲ್ಲ. ಲಾಂಛನವನ್ನೂ ಬಣ್ಣಗಳನ್ನೂ ಯಾರು ಬೇಕಾದರೂ ನಕಲು ಮಾಡಬಲ್ಲರು. ವಿಳಾಸದ ಪಕ್ಕದ ಬೀಗದ ಗುರುತು ಕೂಡ ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ. ಆ ಬೀಗ ಮೋಸದ ತಾಣಕ್ಕೂ ಸುಲಭವಾಗಿ ಸಿಗುತ್ತದೆ.

ಆದ್ದರಿಂದ ವಿಳಾಸವನ್ನು ಓದಲು ಕಲಿಯಬೇಕು, ಅದೂ ಬಲಗಡೆಯಿಂದ. ಅಂಚೆ ವಿಳಾಸದಲ್ಲಿ ಊರು, ಜಿಲ್ಲೆ, ರಾಜ್ಯ ಕೊನೆಯಲ್ಲಿ ಬರುವಂತೆ ಇಲ್ಲಿಯೂ ದೊಡ್ಡ ವಿಭಾಗ ಕೊನೆಯಲ್ಲಿರುತ್ತದೆ. ರಾಜ್ಯದ ಸೇವಾಸಿಂಧು ತಾಣದ ವಿಳಾಸ ‘ಸೇವಾಸಿಂಧು.ಕರ್ನಾಟಕ.ಗವ್.ಇನ್’. ಇದರಲ್ಲಿ ‘ಇನ್’ ಭಾರತವನ್ನು ಸೂಚಿಸಿದರೆ, ‘ಗವ್.ಇನ್’ ಸರ್ಕಾರಿ ಸಂಸ್ಥೆಗಳಿಗಷ್ಟೇ ಮೀಸಲಾದ ವಿಭಾಗ. ಖಾಸಗಿಯವರು ಅದರಡಿ ಹೆಸರು ನೋಂದಾಯಿಸಲಾರರು. ಎಡಭಾಗದ ಹೆಸರುಗಳನ್ನು ಮಾತ್ರ ಡೊಮೇನ್‌ನ ಒಡೆಯರು ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಹೀಗಾಗಿ ‘ಗವ್.ಇನ್.ಉದಾಹರಣೆ.ಕಾಮ್’ ಎಂಬಂಥ ವಿಳಾಸದಲ್ಲಿ ಸರ್ಕಾರದ ಹೆಸರಿದ್ದರೂ ತಾಣ ‘ಉದಾಹರಣೆ.ಕಾಮ್’ನವರದೇ ಆಗಿರುತ್ತದೆ. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಬಂದರಂತೂ ಹೆಸರೇ ಬೇರೆಯಾಗುತ್ತದೆ. ಆರಂಭದ ‘://’ ಬಿಟ್ಟರೆ ಮುಂದೆ ಸಿಗುವ ಮೊದಲ ಓರೆಗೆರೆಯ (/) ನಂತರ ಬರುವುದು ಪುಟದ ದಾರಿಯಾದ್ದರಿಂದ ಒಡೆತನ ತಿಳಿಯಲು ಅದನ್ನು ಓದಬೇಕಾಗಿಲ್ಲ.

ಹಾಗೆಂದು ಸರ್ಕಾರಿ ಸಂಸ್ಥೆಗಳೆಲ್ಲ ಗವ್.ಇನ್ ಅಡಿಯಲ್ಲೇ ಇವೆ ಎನ್ನುವಂತಿಲ್ಲ. ರೈಲು ಟಿಕೆಟ್ಟಿನ ತಾಣ ‘ಐಆರ್‌ಸಿಟಿಸಿ.ಕೋ.ಇನ್’, ಕೆಎಸ್‌ಆರ್‌ಟಿಸಿ ಟಿಕೆಟ್ ಕಾದಿರಿಸುವ ತಾಣ ‘ಕೆಎಸ್‌ಆರ್‌ಟಿಸಿ.ಇನ್’. ಇಂಥ ವಿಳಾಸಗಳನ್ನು ಒಮ್ಮೆ ಖಚಿತಪಡಿಸಿಕೊಂಡು ಬ್ರೌಸರ್‌ನಲ್ಲಿ ಉಳಿಸಿಟ್ಟುಕೊಳ್ಳುವುದೇ ಸರಿಯಾದ ಕ್ರಮ. ಬ್ಯಾಂಕುಗಳ ವಿಷಯದಲ್ಲಿ ಗೊಂದಲ ಈಗ ಕಡಿಮೆಯಾಗುತ್ತಿದೆ: ಬ್ಯಾಂಕುಗಳಿಗಷ್ಟೇ ಮೀಸಲಾದ ‘ಬ್ಯಾಂಕ್.ಇನ್’ ವಿಭಾಗಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವಿದು. ನಕಲಿ ತಾಣದಲ್ಲಿ ಹಣ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮಾಹಿತಿ ಹುಡುಕುವಾಗಲೂ ಡೊಮೇನ್ ಹೆಸರು ನೆರವಿಗೆ ಬರುತ್ತದೆ. ಗೂಗಲ್‌ನಲ್ಲಿ ಹುಡುಕಬೇಕಾದ ಪದದ ಮುಂದೆ ‘ಸೈಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ವಿವರಣ ಚಿಹ್ನೆ (:) ಹಾಕಿ, ಜಾಗ ಬಿಡದೆ ‘ಕರ್ನಾಟಕ.ಗವ್.ಇನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಸೇರಿಸಿದರೆ ರಾಜ್ಯ ಸರ್ಕಾರದ ತಾಣಗಳಲ್ಲಿರುವ ಪುಟಗಳಷ್ಟೇ ಫಲಿತಾಂಶವಾಗಿ ಬರುತ್ತವೆ. ಹುಡುಕುವ ಪದವನ್ನು ಕನ್ನಡದಲ್ಲೇ ಬರೆಯಬಹುದು. ವಿದ್ಯಾರ್ಥಿವೇತನದ ಆದೇಶ, ಇಲಾಖೆಯ ಸುತ್ತೋಲೆ ಮುಂತಾದವು ಎಷ್ಟೋ ಸಲ ಕನ್ನಡದಲ್ಲೇ ಇರುವುದರಿಂದ ಹಾಗೆ ಬರೆದರೆ ಬೇಗ ಸಿಗುವುದೂ ಉಂಟು.