ಎರಡು ಅನಿಲ, ಮೂರು ಪದರ

ಎಣ್ಣೆ ನೀರಲ್ಲಿ ಯಾಕೆ ಬೆರೆಯಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಒಂದೇ ಗುಣದವು ಮಾತ್ರ ಒಂದರಲ್ಲೊಂದು ಕರಗುತ್ತವೆ. ಈ ಮಾತು ಅರ್ಧ ಸತ್ಯ. ಪೂರ್ತಿ ನಂಬಿದವರನ್ನು ಸಾರಜನಕ ಮತ್ತು ನೈಸರ್ಗಿಕ ಅನಿಲದಲ್ಲಿ ಸಿಗುವ ಈಥೇನ್ ಎದುರು ನಿಲ್ಲಿಸಬೇಕು.

ಎರಡೂ ಅನಿಲ. ಎರಡರ ಅಣುಗಳಲ್ಲೂ ನೀರಿನ ಅಣುವಿನಂಥ ಧನ–ಋಣ ತುದಿಗಳಿಲ್ಲ. ಸಾಧಾರಣ ತಾಪಮಾನದಲ್ಲಿ ಸಲೀಸಾಗಿ ಬೆರೆಯುತ್ತವೆ. ಈಗ ಆ ಮಿಶ್ರಣವನ್ನು ದಪ್ಪ ಗಾಜಿನ ಕೊಳವೆಗೆ ತುಂಬಿ −150 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಒತ್ತಡ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಕೊಳವೆಯೊಳಗೆ ಎರಡು ಗೆರೆ ಕಾಣುತ್ತವೆ. ಕೆಳಗೆ ಈಥೇನ್ ಜಾಸ್ತಿ ಇರುವ ದ್ರವ, ನಡುವೆ ಸಾರಜನಕ ಜಾಸ್ತಿ ಇರುವ ಇನ್ನೊಂದು ದ್ರವ, ಮೇಲೆ ಅನಿಲ. ಎಷ್ಟೇ ಅಲ್ಲಾಡಿಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮೂರು ಪದರ!

ಯಾಕೆ ಹೀಗೆ? ಒಂದು ಡಬ್ಬಿಯಲ್ಲಿ ಬಲವಾದ ಅಯಸ್ಕಾಂತದ ಚೂರುಗಳು, ದುರ್ಬಲ ಚೂರುಗಳು ಒಟ್ಟಿಗಿವೆ ಅಂದುಕೊಳ್ಳಿ. ಜೋರಾಗಿ ಕುಲುಕಿದರೆ ಎಲ್ಲ ಬೆರೆತಿರುತ್ತವೆ. ಕುಲುಕುವುದು ನಿಧಾನವಾದಂತೆ ಬಲವಾದವು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ದುರ್ಬಲವಾದವು ಹೊರಗುಳಿಯುತ್ತವೆ. ಕುಲುಕುವುದೇ ತಾಪಮಾನ. ಈಥೇನ್ ಬಲವಾದ ಚೂರು, ಸಾರಜನಕ ದುರ್ಬಲ ಚೂರು. ಅಣುಗಳು ಬಲವಾಗಿ ಅಂಟಿಕೊಂಡಷ್ಟೂ ಕುದಿಯಲು ಹೆಚ್ಚು ತಾಪಮಾನ ಬೇಕು, ಹಾಗಾಗಿ ಕುದಿಯುವ ಬಿಂದು ನೋಡಿದರೆ ಸಾಕು: ಸಾರಜನಕಕ್ಕೆ −196, ಈಥೇನ್‌ಗೆ −89. ಇಲ್ಲಿ ದ್ವೇಷ ಏನೂ ಇಲ್ಲ. ಬಸ್ಸು ಹತ್ತಿದ ಒಂದೇ ಮನೆಯವರು ಒತ್ತೊತ್ತಾಗಿ ಕೂತರೆ ಪಕ್ಕದವರ ಮೇಲೆ ಸಿಟ್ಟು ಅಂತಲ್ಲ, ಅಲ್ವಾ? ನಡುವೆ ಅಪರಿಚಿತರಿಗೆ ಜಾಗ ಕೊಟ್ಟರೆ ತಮ್ಮ ಹತ್ತಿರದ ಕೂಟ ಕೆಡುತ್ತದೆ, ಅಷ್ಟೇ.

ಈ ಕೊಳವೆಯಲ್ಲಿ ಇನ್ನೊಂದು ಸೊಗಸಿದೆ. ಎರಡು ವಸ್ತು, ಮೂರು ಪದರ ಒಟ್ಟಿಗಿದ್ದರೆ ನೀವು ತಾಪಮಾನ ಆರಿಸಿದ ಕೂಡಲೇ ಒತ್ತಡ ನಿಮ್ಮ ಕೈ ತಪ್ಪಿತು. ಅದು ತಾನಾಗಿಯೇ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. 1870ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಗಿಬ್ಸ್ ಕೂಡು–ಕಳೆಯುವ ಲೆಕ್ಕದಲ್ಲೇ ಇದನ್ನು ಹೇಳಿಬಿಟ್ಟ.

ಆ ಕಾಲಕ್ಕೆ ಸಾರಜನಕವನ್ನು ಕೊಳವೆಯಲ್ಲಿ ನಿಂತ ದ್ರವವಾಗಿ ಯಾರೂ ನೋಡಿರಲಿಲ್ಲ. ಅದಕ್ಕೆ ‘ಶಾಶ್ವತ ಅನಿಲ’ ಅಂತ ಹೆಸರೇ ಇತ್ತು. 1883ರಲ್ಲಿ ಕ್ರಾಕೋವ್‌ನಲ್ಲಿ ಪೋಲೆಂಡಿನ ವಿಜ್ಞಾನಿಗಳಾದ ವ್ರೊಬ್ಲೆವ್‌ಸ್ಕಿ ಮತ್ತು ಓಲ್ಶೆವ್‌ಸ್ಕಿ ಆ ಹೆಸರನ್ನು ಸುಳ್ಳು ಮಾಡಿದರು. ಚಳಿಗಾಗಿ ಅವರು ಬಳಸಿದ್ದು ಏನನ್ನು? ಕಡಿಮೆ ಒತ್ತಡದಲ್ಲಿ ಕುದಿಯುವ ಎಥಿಲೀನ್. ಅದೂ ಈಥೇನ್‌ನ ಹಾಗೆ ಇಂಗಾಲ, ಜಲಜನಕ ಮಾತ್ರ ಇರುವ ಹೈಡ್ರೋಕಾರ್ಬನ್ನೇ! ಅಷ್ಟು ಚಳಿ ಬೇಕೇ ಬೇಕಿತ್ತು, ಯಾಕೆಂದರೆ ಶುದ್ಧ ಸಾರಜನಕವನ್ನು −147 ಡಿಗ್ರಿಗಿಂತ ಮೇಲೆ ಎಷ್ಟು ಒತ್ತಿದರೂ ದ್ರವವಾಗಿ ಬೇರೆ ನಿಲ್ಲಿಸಲಾಗದು. ಜೊತೆಗೆ ಈಥೇನ್ ಇದ್ದರೆ ಆ ಗೆರೆಯನ್ನು ಕೆಲವು ಡಿಗ್ರಿ ದಾಟಿಯೂ ಸಾರಜನಕದ ದ್ರವಪದರ ಉಳಿಯುತ್ತದೆ.

ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್ ಕಥೆ ಬೇರೆ. ಅದು ಕುದಿಯುವುದು −161ರಲ್ಲಿ, ಇಬ್ಬರ ನಡುವೆ. ಸಾರಜನಕದ ಜೊತೆಗೂ ಸೈ, ಈಥೇನ್ ಜೊತೆಗೂ ಸೈ. ಸಾಕಷ್ಟು ಮೀಥೇನ್ ಸುರಿದರೆ ಎರಡು ದ್ರವಗಳ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ನೈಸರ್ಗಿಕ ಅನಿಲವನ್ನು ದ್ರವ ಮಾಡುವ ಸ್ಥಾವರಗಳಿಗೆ ಈ ಲೆಕ್ಕ ದಿನನಿತ್ಯದ ಕೆಲಸ.

ನನಗೆ ಹೆಚ್ಚು ಇಷ್ಟವಾದದ್ದು ಮಾತ್ರ ಸ್ಥಾವರವಲ್ಲ, ಶನಿಯ ಚಂದ್ರ ಟೈಟನ್. ಅಲ್ಲಿ −179 ಡಿಗ್ರಿ ಚಳಿ. ಗಾಳಿಯಲ್ಲಿ ಬಹುಪಾಲು ಸಾರಜನಕ, ಒತ್ತಡ ಭೂಮಿಯ ಒಂದೂವರೆ ಪಟ್ಟು. ಕೆರೆ, ಸಮುದ್ರಗಳೆಲ್ಲ ಮೀಥೇನ್–ಈಥೇನ್. 2013ರಲ್ಲಿ ಕ್ಯಾಸಿನಿ ನೌಕೆಯ ರೇಡಾರ್ ಚಿತ್ರದಲ್ಲಿ ಅಲ್ಲಿನ ಲೈಜಿಯಾ ಸಮುದ್ರದ ಮೇಲೆ ಒಂದು ಹೊಳಪಿನ ಮಚ್ಚೆ ಕಂಡಿತು. ಆಮೇಲೆ ಮಾಯ. ‘ಮಾಂತ್ರಿಕ ದ್ವೀಪ’ ಅಂತ ಹೆಸರಿಟ್ಟರು. ಮಂತ್ರ ಬೇಕಿಲ್ಲ. ಅಲೆಗಳಿರಬಹುದು, ತೇಲುವ ಘನವಸ್ತುವಿರಬಹುದು. ಇನ್ನೊಂದು ಊಹೆ ನಮ್ಮ ಕೊಳವೆಯಿಂದಲೇ ಬಂದದ್ದು. ಮೀಥೇನ್‌ನಲ್ಲಿ ಸಾರಜನಕ ಧಾರಾಳವಾಗಿ ಕರಗುತ್ತದೆ, ಈಥೇನ್‌ನಲ್ಲಿ ತೀರಾ ಕಡಿಮೆ. ಹಾಗಾಗಿ ಸಾರಜನಕ ತುಂಬಿಕೊಂಡ ಮೀಥೇನ್ ನದಿಯೊಂದು ಈಥೇನ್ ಜಾಸ್ತಿ ಇರುವ ನೀರಿಗೆ, ತಪ್ಪಾಯ್ತು, ದ್ರವಕ್ಕೆ ಬಂದು ಸೇರಿದರೆ ಜಾಗ ಸಾಲದಾಗುತ್ತದೆ. ಹೆಚ್ಚಾದ ಸಾರಜನಕ ಗುಳ್ಳೆಗುಳ್ಳೆಯಾಗಿ ಮೇಲೆದ್ದು ಸಮುದ್ರವೇ ನೊರೆಯಾಡಬಹುದು.