ಪಕ್ಕದ ಮನೆ ಹಸು ಸೊರಗಿದೆ, ದೂರು ಕೊಡಬೇಕಾ?

ಓದುಗರ ಪ್ರಶ್ನೆ: ನಮ್ಮ ಹಿತ್ತಲಿಗೆ ಅಂಟಿಕೊಂಡೇ ಪಕ್ಕದವರ ಕೊಟ್ಟಿಗೆ ಇದೆ. ಒಂದು ಸೀಮೆ ಹಸು, ಒಂದು ಕರು. ಹಸು ತುಂಬಾ ಸೊರಗಿದೆ, ಪಕ್ಕೆಲುಬು ಎಣಿಸಬಹುದು. ಮಧ್ಯಾಹ್ನದ ಬಿಸಿಲಲ್ಲೂ ಕಟ್ಟಿದ ಜಾಗದಲ್ಲೇ ನಿಂತಿರುತ್ತೆ. ಹಿಂಗಾಲಿನಲ್ಲಿ ಗಾಯ ಆಗಿದೆ, ನೊಣ ಮುತ್ತುತ್ತಿದೆ. ಅವರು ಕೆಟ್ಟವರೇನಲ್ಲ, ಕಷ್ಟದಲ್ಲಿದ್ದಾರೆ. ದೂರು ಕೊಟ್ಟರೆ ಜನ್ಮಪೂರ್ತಿ ಮಾತು ಬಿಡ್ತಾರೆ. ಸುಮ್ನಿದ್ದರೆ ನನಗೆ ನಿದ್ದೆ ಬರಲ್ಲ. ಏನು ಮಾಡಲಿ?

ಉತ್ತರ: ಮೊದಲು ಗಾಯದ ವಿಷಯ. ಉಳಿದದ್ದಕ್ಕೆಲ್ಲ ಎರಡು ದಿನ ಕೂತು ಯೋಚನೆ ಮಾಡಬಹುದು, ಇದಕ್ಕೆ ಆಗಲ್ಲ. ಹಸಿ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಮರಿಹುಳ ಹೊರಬರುತ್ತವೆ, ಅವು ಮಾಂಸ ತಿನ್ನುತ್ತಾ ಒಳಗೆ ಇಳಿಯುತ್ತವೆ. ಮೇಲಿಂದ ನೋಡಿದರೆ ರೂಪಾಯಿ ಅಗಲದ ಗಾಯ, ಒಳಗೆ ಬೆರಳು ಹೋಗುವಷ್ಟು ತೂತು. ಕೆಟ್ಟ ವಾಸನೆ ಬರುತ್ತಿದೆಯಾ, ನೀರು ನೀರಾದ ರಕ್ತ ಜಿನುಗುತ್ತಿದೆಯಾ, ಹಸು ಪದೇ ಪದೇ ಕಾಲು ಝಾಡಿಸಿ ಅದೇ ಜಾಗ ನೆಕ್ಕುತ್ತಿದೆಯಾ ನೋಡಿ. ಇದ್ದರೆ ಹುಳ ಬಿದ್ದಿದೆ ಅಂತಲೇ ಅಂದುಕೊಳ್ಳಿ, ಇವತ್ತೇ 1962ಕ್ಕೆ ಫೋನ್ ಮಾಡಿ. ಅದು ಪಶು ಆಂಬುಲೆನ್ಸಿನ ನಂಬರ್. ಇಲ್ಲವೇ ನಿಮ್ಮೂರಿನ ಪಶು ಆಸ್ಪತ್ರೆಯ ಡಾಕ್ಟರಿಗೇ ನೇರ ಹೇಳಿ.

ಇದು ದೂರು ಅಲ್ಲ, ಡಾಕ್ಟರನ್ನು ಕರೆಯುವುದು ಅಷ್ಟೇ. ಪಕ್ಕದ ಮನೆ ಅಜ್ಜಿಗೆ ಉಸಿರು ಕಟ್ಟಿದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಕಾಯುತ್ತಾ ಕೂರಲ್ಲ, ಅಲ್ವಾ? ಆದರೆ ಹಸುವಿನ ಯಜಮಾನರಿಗೆ ಹೇಳದೆ ಕರೆಸಬೇಡಿ. ಅವರು ಒಪ್ಪಬೇಕು, ಹಸುವನ್ನು ಹಿಡಿದುಕೊಳ್ಳುವುದಕ್ಕೂ ಅವರೇ ಬೇಕು. ಪರಿಚಯ ಇಲ್ಲದವರು ಹತ್ತಿರ ಬಂದರೆ ನೋವಿನಲ್ಲಿರುವ ಹಸು ಒದೆಯುತ್ತದೆ.

ಈಗ ಸೊರಗಿದ ವಿಷಯಕ್ಕೆ ಬರೋಣ. ಪಕ್ಕೆಲುಬು ಕಂಡ ಮಾತ್ರಕ್ಕೆ ಉಪವಾಸ ಹಾಕಿದ್ದಾರೆ ಅನ್ನಲಾಗದು. ಸೀಮೆ ಹಸುವಿನ ಮೈಕಟ್ಟೇ ತೆಳ್ಳಗೆ. ಅದರಲ್ಲೂ ಕರು ಹಾಕಿದ ಮೊದಲ ಎರಡು ಮೂರು ತಿಂಗಳು ತಿಂದದ್ದಕ್ಕಿಂತ ಜಾಸ್ತಿ ಹಾಲಿಗೆ ಹೋಗುತ್ತದೆ, ಮೈ ಇಳಿಯುತ್ತದೆ. ಆಗ ಹಿಂದಿನ ಎರಡು ಮೂರು ಪಕ್ಕೆಲುಬು ಕಂಡರೆ ಗಾಬರಿ ಬೇಡ. ಬೆನ್ನುಮೂಳೆಯ ಒಂದೊಂದು ಗಂಟೂ ಎದ್ದು ಕಾಣುತ್ತಿದ್ದರೆ, ಬಾಲದ ಬುಡದ ಎರಡೂ ಕಡೆ ಗುಂಡಿ ಬಿದ್ದಿದ್ದರೆ, ಸೊಂಟದ ಮೂಳೆಗೆ ಚರ್ಮ ಅಂಟಿಕೊಂಡಿದ್ದರೆ ಅದು ಬೇರೆ ಕಥೆ. ಆಗಲೂ ಕಾರಣ ಎರಡಿರಬಹುದು. ಮುಂದೆ ಮೇವಿದ್ದೂ ಮುಟ್ಟದೆ, ಮೆಲುಕು ಹಾಕದೆ, ಕಿವಿ ಜೋತು ಬಿಟ್ಟುಕೊಂಡು ನಿಂತಿದ್ದರೆ ಕಾಯಿಲೆ. ಗೋದಲಿ ಖಾಲಿ ಇದ್ದು, ಯಾರೇ ಹೋದರೂ ಹಗ್ಗ ಜಗ್ಗಿಕೊಂಡು ಕೂಗುತ್ತಿದ್ದರೆ ಹಸಿವು. ಹೊಟ್ಟೆಯಲ್ಲಿ ಜಂತುಹುಳ ಜಾಸ್ತಿಯಾದರೂ ಎಷ್ಟು ತಿಂದರೂ ಮೈ ಹತ್ತಲ್ಲ. ಅದಕ್ಕೆ ಬೇಕಾಗಿರುವುದು ಔಷಧಿ, ಪೊಲೀಸರಲ್ಲ.

ನೀರು ನೋಡಿ. ಇದನ್ನು ಜನ ಗಮನಿಸುವುದೇ ಇಲ್ಲ. ಹಾಲು ಕೊಡುವ ಹಸುವಿಗೆ ದಿನಕ್ಕೆ 50–60 ಲೀಟರ್ ನೀರಾದರೂ ಬೇಕು, ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಲಗಚ್ಚು ಇಟ್ಟರೆ ಬಾಯಾರಿಕೆಯ ಅರ್ಧ ಪಾಲೂ ತೀರಲ್ಲ. ಬಿಸಿಲಿನಲ್ಲಿ ನಿಂತ ಹಸು ಬಾಯಿ ತೆರೆದು ಏದುಸಿರು ಬಿಡುತ್ತಾ ಜೊಲ್ಲು ಸುರಿಸುತ್ತಿದ್ದರೆ ಅದಕ್ಕೆ ತಡೆಯಲಾಗುತ್ತಿಲ್ಲ ಅಂತ ಅರ್ಥ. ಹಗ್ಗವನ್ನೂ ನೋಡಿ. ಮಲಗಿ ಏಳುವಷ್ಟು, ತಿರುಗಿ ಮೈ ನೆಕ್ಕುವಷ್ಟು ಉದ್ದ ಇದೆಯಾ? ಕರುವಿನ ಕೊರಳನ್ನಂತೂ ಮರೆಯದೆ ನೋಡಿ. ಎಳೆಗರುವಿಗೆ ಕಟ್ಟಿದ ಹಗ್ಗ ಹಾಗೇ ಬಿಟ್ಟಿರುತ್ತಾರೆ, ಕರು ಬೆಳೆಯುತ್ತದೆ, ಹಗ್ಗ ಬೆಳೆಯಲ್ಲ. ಕೂದಲಿನೊಳಗೆ ಮುಚ್ಚಿಹೋಗಿ, ಚರ್ಮ ಕೊಯ್ದು ಒಳಗೆ ಸೇರಿಕೊಂಡಿರುತ್ತದೆ. ಮನೆಯವರಿಗೇ ಎಷ್ಟೋ ಸಲ ಗೊತ್ತಿರಲ್ಲ.

ಇಷ್ಟನ್ನು ನಿಮ್ಮ ಹಿತ್ತಲಿನಿಂದಲೇ ಎರಡು ಮೂರು ದಿನ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ನೀವು ನೋಡಿದ ಮಧ್ಯಾಹ್ನವೇ ಅವರು ಆಸ್ಪತ್ರೆಗೋ ಕೂಲಿಗೋ ಹೋಗಿರಬಹುದು. ಕೊಟ್ಟಿಗೆಯೊಳಗೆ ಕದ್ದು ಹೋಗಬೇಡಿ. ಅಯ್ಯೋ ಪಾಪ ಅಂತ ಹಗ್ಗ ಬಿಚ್ಚಿ ಬಿಡಬೇಡಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ: ಹಸಿದ ಹಸುವಿಗೆ ಮನೆಯಲ್ಲಿ ಉಳಿದ ಅನ್ನವನ್ನು ಬಕೆಟ್ಟುಗಟ್ಟಲೆ ಸುರಿಯಬೇಡಿ. ಅಭ್ಯಾಸ ಇಲ್ಲದ ಹಸು ಒಂದೇ ಸಲ ಅಷ್ಟು ಅನ್ನ ತಿಂದರೆ ಹೊಟ್ಟೆಯೊಳಗೆ ಹುಳಿ ಏರಿ, ಮೇವು ಬಿಟ್ಟು, ಮಲಗಿದ್ದು ಏಳದೆ ಸತ್ತೂ ಹೋಗಬಹುದು. ಹಬ್ಬ, ಮದುವೆಯ ಮಾರನೇ ದಿನ ಪಶು ಡಾಕ್ಟರುಗಳು ನೋಡುವ ಕೇಸುಗಳಲ್ಲಿ ಇದೂ ಒಂದು. ಕೊಡಲೇಬೇಕು ಅನಿಸಿದರೆ ಅವರನ್ನು ಕೇಳಿ ಒಂದು ಹೊರೆ ಹುಲ್ಲು ಕೊಡಿ, ಒಂದು ಕೊಡ ನೀರು ಇಡಿ.

ಗಾಯದ ವಿಷಯ ಇವತ್ತೇ ಮಾತಾಡಿ, ಉಳಿದದ್ದು ಹೀಗೆ ನೋಡಿಕೊಂಡ ಮೇಲೆ. ಹೇಗೆ ಶುರು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. "ಏನ್ರೀ, ಹಸುಗೆ ಹೊಟ್ಟೆಗೆ ಹಾಕಲ್ವಾ?" ಅಂದರೆ ಮುಗಿಯಿತು. "ಅಣ್ಣಾ, ಹಸು ಕಾಲು ಊರೋಕೆ ಕಷ್ಟಪಡ್ತಿದೆ, ಗಾಯಕ್ಕೆ ಹುಳ ಬಿದ್ದಿರಬಹುದು ಅನ್ಸುತ್ತೆ. 1962ಕ್ಕೆ ಫೋನ್ ಮಾಡ್ಲಾ? ಬಂದಾಗ ನಾನೂ ಇರ್ತೀನಿ" ಅಂದು ನೋಡಿ. ನೂರಕ್ಕೆ ನೂರು ಜನ ಒಪ್ಪುತ್ತಾರೆ ಅಂತಲ್ಲ, ಆದರೆ ಬಹಳ ಜನ ಒಪ್ಪುತ್ತಾರೆ. ಯಾಕಂದರೆ ಹಸು ಹೋದರೆ ಡೇರಿಯ ಬಟವಾಡೆ ನಿಂತುಹೋಗುತ್ತದೆ, ಹಸುವಿನ ಸಾಲ ಮಾತ್ರ ಉಳಿಯುತ್ತದೆ. ಅವರಿಗೂ ಹಸು ಬದುಕಬೇಕು. ಮನೆಯ ಹೆಂಗಸರ ಹತ್ತಿರ ಮಾತಾಡುವುದು ಇನ್ನೂ ಒಳ್ಳೆಯದು. ಹಾಲು ಕರೆಯುವವರು, ಸಗಣಿ ಬಾಚುವವರು, ಮೇವು ಹಾಕುವವರು ಹೆಚ್ಚಾಗಿ ಅವರೇ. ಹಸುವಿಗೆ ಏನಾಗಿದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ, ದುಡ್ಡು ಬಿಚ್ಚುವ ಅಧಿಕಾರ ಮಾತ್ರ ಇರಲ್ಲ.

ಈ ಮಾತುಕತೆಯಲ್ಲಿ ನೀವು ತಿಳಿದುಕೊಳ್ಳಬೇಕಾದ್ದು ಒಂದೇ. ಅವರಿಗೆ ಮಾಡುವ ಮನಸ್ಸಿದೆ ಆದರೆ ಆಗುತ್ತಿಲ್ಲವಾ, ಅಥವಾ ಆಗುತ್ತದೆ ಆದರೆ ಮಾಡಲು ಮನಸ್ಸಿಲ್ಲವಾ? ಮೊದಲನೆಯದಾದರೆ ಸಹಾಯ ತರಬೇಕು. ಎರಡನೆಯದಾದರೆ ದೂರು ಕೊಡಲು ಹಿಂಜರಿಯಬೇಡಿ. "ಅದು ನಮ್ಮ ಹಸು, ಸಾಯಲಿ ಬಿಡಿ, ನಿಮಗೇನು?" ಅಂದವರ ಹತ್ತಿರ ಮತ್ತೆ ಮತ್ತೆ ಒಳ್ಳೆಯ ಮಾತಾಡುತ್ತಾ ದಿನ ತಳ್ಳಿದರೆ ಆ ಹಸು ನೋವಿನಲ್ಲೇ ಇರುತ್ತದೆ. ನೆರೆಹೊರೆ ಕೆಡುತ್ತದೆ ಅನ್ನುವ ನಿಮ್ಮ ಭಯ ಸುಳ್ಳಲ್ಲ, ಹಳ್ಳಿಯಲ್ಲಿ ಅದು ದೊಡ್ಡದೇ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಆ ಬೇಜಾರಿಗಿಂತ ಹಸುವಿನ ನೋವು ದೊಡ್ಡದು.

ನೇರವಾಗಿ ಹೇಳಲು ಆಗದಿದ್ದರೆ ಇನ್ನೊಂದು ದಾರಿ ಇದೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆರು ತಿಂಗಳಿಗೊಮ್ಮೆ ಪಶು ಇಲಾಖೆಯವರು ಮನೆ ಮನೆಗೆ ಬರುತ್ತಾರೆ. ಆಗ "ಆ ಮನೆ ಹಸುವನ್ನೂ ಸ್ವಲ್ಪ ನೋಡಿ ಸಾರ್" ಅಂತ ಕಿವಿಯಲ್ಲಿ ಹಾಕಿ. ಡೇರಿ ಸೆಕ್ರೆಟರಿಗೆ ಹೇಳಿದರೂ ಆಗುತ್ತದೆ. ಹಾಲು ಕಡಿಮೆಯಾದದ್ದು ಅವರ ಪುಸ್ತಕದಲ್ಲೇ ಗೊತ್ತಾಗುತ್ತದೆ, ಅವರು ಕೇಳಿದರೆ ಯಾರೂ ತಪ್ಪು ತಿಳಿಯಲ್ಲ. ಆದರೆ ಲಸಿಕೆಯ ಸರದಿ ಬರುವವರೆಗೆ ಕಾಯುವ ಸ್ಥಿತಿಯಲ್ಲಿ ಹಸು ಇರಬೇಕು, ಅದನ್ನು ಮರೆಯಬೇಡಿ.

ಕಾನೂನು ಏನು ಹೇಳುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯ್ದೆ 1960ರದು. ಅದರ 11ನೇ ಸೆಕ್ಷನ್ನಿನ ಪ್ರಕಾರ ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ತೀರಾ ಗಿಡ್ಡ ಹಗ್ಗದಲ್ಲಿ ತುಂಬಾ ಹೊತ್ತು ಕಟ್ಟಿಹಾಕುವುದು, ಗಾಯವಾದ ಎತ್ತನ್ನು ಗೇಯಿಸುವುದು, ಸಾಕಲಾಗದೆ ಬೀದಿಗೆ ಬಿಡುವುದು ಎಲ್ಲವೂ ಅಪರಾಧವೇ. ದಂಡ? ಮೊದಲ ಸಲ 10ರಿಂದ 50 ರೂಪಾಯಿ. ದಶಕಗಳ ಹಿಂದೆ ಬರೆದದ್ದು ಇವತ್ತಿಗೂ ಹಾಗೇ ಇದೆ, ಇದು ನಿಜಕ್ಕೂ ನೋವಿನ ವಿಷಯ. ಅಲ್ಲದೆ ಈ ಕಾಯ್ದೆಯಡಿ ಮೇವು ನೀರಿನಂಥ ದೂರು ಬಂದರೆ ಪೊಲೀಸರು ಕೋರ್ಟಿನ ಅನುಮತಿ ಇಲ್ಲದೆ ತನಿಖೆ ಶುರು ಮಾಡುವಂತಿಲ್ಲ, ಎನ್‌ಸಿಆರ್ (ತನಿಖೆ ಇಲ್ಲದೆ ದೂರನ್ನಷ್ಟೇ ದಾಖಲಿಸುವ ವರದಿ) ಬರೆದುಕೊಂಡು ಕಳಿಸುತ್ತಾರೆ. ಹಾಗಾಗಿ ಹಸು ಸೊರಗಿದೆ ಅಂತ ನೇರ ಠಾಣೆಗೆ ಹೋದರೆ ಜಗಳ ಸಿಗುತ್ತದೆ, ಹಸುವಿಗೆ ಮೇವು ಸಿಗಲ್ಲ. ಅದರ ಬದಲು ತಾಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಬರೆದು ಕೊಡಿ. ದಿನಾಂಕ, ಹೊತ್ತು, ಕಂಡದ್ದು, ರಸ್ತೆಯಿಂದ ಅಥವಾ ನಿಮ್ಮ ಜಾಗದಿಂದ ತೆಗೆದ ಫೋಟೋ, ಇಷ್ಟೇ ಸಾಕು. "ಕಟುಕರು" ಅಂತೆಲ್ಲ ಬರೆಯಬೇಡಿ. ಸರ್ಕಾರಿ ಪಶು ಡಾಕ್ಟರು ಬಂದು ನೋಡಿ ಬರೆದುಕೊಡುವ ವರದಿಗೆ ಇರುವ ತೂಕ ನಿಮ್ಮ ಹತ್ತು ಪುಟದ ಅರ್ಜಿಗೂ ಇರಲ್ಲ.

ಯೋಚನೆಯೇ ಮಾಡದೆ 112ಕ್ಕೆ ಫೋನ್ ಮಾಡಬೇಕಾದ ಸಂದರ್ಭಗಳೂ ಇವೆ. ಬೇಕಂತಲೇ ಹೊಡೆದು ಕಾಲು ಮುರಿಯುವುದು, ಆಸಿಡ್ ಎರಚುವುದು, ವಿಷ ಹಾಕುವುದು. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೂರು ಹಸುಗಳ ಕೆಚ್ಚಲು ಕೊಯ್ದದ್ದು ನೆನಪಿರಬಹುದು. ಇಂಥದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಜೈಲು. ಪೊಲೀಸರು ಎಫ್‌ಐಆರ್ ಹಾಕಲೇಬೇಕು. ಹಾಲು ಇಳಿಸಲು ದಿನಾ ಇಂಜೆಕ್ಷನ್ ಚುಚ್ಚಿ ಹಸುವಿನ ಆರೋಗ್ಯ ಕೆಡಿಸುವುದಕ್ಕೂ 1960ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಜೈಲು ಇದೆ, ಅದಕ್ಕೂ ಪೊಲೀಸರು ನೇರ ಕ್ರಮ ತೆಗೆದುಕೊಳ್ಳಬಹುದು.

ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುವ ಆಸೆ ಬಂದರೆ ಅದನ್ನು ಅಲ್ಲೇ ಬಿಡಿ. ಹಸುವಿನ ವಿಷಯ ನಮ್ಮಲ್ಲಿ ಎಷ್ಟು ಬೇಗ ಜಾತಿ, ಧರ್ಮ, ರಾಜಕೀಯಕ್ಕೆ ತಿರುಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಾಲ್ಕು ಜನ ಗಾಡಿಯಲ್ಲಿ ಬಂದು ಬಾಗಿಲು ಬಡಿದರೆ ಗಾಯ ವಾಸಿಯಾಗಲ್ಲ, ಆ ಮನೆಯವರು ಮುಂದೆ ಯಾರನ್ನೂ ಕೊಟ್ಟಿಗೆಗೆ ಬಿಟ್ಟುಕೊಳ್ಳಲ್ಲ. ಬರಡು ಹಸು, ಮುದಿ ಹಸು, ಗಂಡು ಕರು ಇಟ್ಟುಕೊಂಡವರ ಕಷ್ಟವೂ ಬೇರೆಯೇ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಅವುಗಳನ್ನು ಕೊಳ್ಳುವವರು ಕಡಿಮೆ, ಸಾಕುವ ಖರ್ಚು ಮಾತ್ರ ದಿನಾ ಇದ್ದೇ ಇದೆ. ಅಂಥ ಮನೆಗೆ ಹತ್ತಿರದ ಗೋಶಾಲೆಯಲ್ಲಿ ಜಾಗ ಇದೆಯಾ ಅಂತ ವಿಚಾರಿಸಿ ಕೊಟ್ಟರೆ ಅದೇ ದೊಡ್ಡ ಉಪಕಾರ.

ನಿಮ್ಮ ವಿಷಯಕ್ಕೆ ಬಂದರೆ, ಇವತ್ತು ಸಂಜೆ ಹಾಲು ಕರೆಯುವ ಹೊತ್ತಿಗೆ ಹೋಗಿ. ಗಾಯವನ್ನು ಅವರ ಜೊತೆಗೇ ನೋಡಿ, ಅವರ ಎದುರಿಗೇ 1962ಕ್ಕೆ ಫೋನ್ ಮಾಡಿ. ಬಂದ ಡಾಕ್ಟರಿಗೆ ಗಾಯ ತೋರಿಸುವಾಗಲೇ ಸೊರಗಿದ್ದನ್ನೂ ಹೇಳಿ, ಜಂತಿನ ಔಷಧಿ ಬೇಕಾ ಕೇಳಿ, ಕರುವಿನ ಹಗ್ಗ ತೋರಿಸಿ. ನೆರಳಿಗೆ ನಿಮ್ಮ ಹಿತ್ತಲಿನ ಮರದ ಕೆಳಗೆ ಮಧ್ಯಾಹ್ನ ಕಟ್ಟಿಕೊಳ್ಳಿ ಅಂತ ಹೇಳುವಷ್ಟು ಜಾಗ ಇದ್ದರೆ ಹೇಳಿ. ಹುಳ ಬಿದ್ದ ಗಾಯ ಒಂದೇ ಸಲಕ್ಕೆ ಮುಗಿಯಲ್ಲ, ಕೆಲವು ದಿನ ತೊಳೆದು ಔಷಧಿ ಹಾಕುತ್ತಿರಬೇಕು. ಅದನ್ನು ಮಾಡುತ್ತಿದ್ದಾರಾ ಅಂತ ಗಮನಿಸಿ. ಮಾಡುತ್ತಿದ್ದರೆ ದೂರಿನ ಮಾತೇ ಬೇಡ. ಡಾಕ್ಟರನ್ನೇ ಬೇಡ ಅಂದರೆ, ಅಥವಾ ಡಾಕ್ಟರು ಹೇಳಿದ ಮೇಲೂ ಹಾಗೇ ಬಿಟ್ಟರೆ, ಮಾರನೇ ದಿನವೇ ತಾಲೂಕಿನ ಪಶುಪಾಲನಾ ಇಲಾಖೆಯ ಕಚೇರಿಗೆ ಬರೆದುಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.